ಭಾವನವರ ಕನ್ನಡಿ ಗೋಡೆ

ನಮ್ಮ ಭಾವನವರು ಹುಟ್ಟಿದಂದಿನಿಂದ ಈವರೆಗೆ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಹೀಗೆಂದು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಈ ವಿಷಯದಲ್ಲಿ ಅವರಿಗಿಂತ ಹೆಚ್ಚು ತಿಳಿದವರು ಬೇರೆ ಯಾರಿದ್ದಾರೆ? ಅಟ್ಟೂರಿನಲ್ಲಿ ಅವರು ಕಟ್ಟಿಸಿದ ಮೊಟ್ಟಮೊದಲ ಕಟ್ಟಡದ ಮೆಟ್ಟಿಲುಗಳು ಗಂಭೀರವಾಗಿ ಮೇಲೇರಿ, ಬಾಗಿಲಿರಬೇಕಾದ ಕಡೆ ಒಂದು ಗೋಡೆಗೆ ಮುಖ ಹೊಡೆದುಕೊಂಡು ನಿಂತವು. ಮೇಸ್ತ್ರಿ ತಲೆ ಕೆರೆದುಕೊಂಡ. ಭಾವನವರು ಕೆರೆದುಕೊಳ್ಳಲಿಲ್ಲ. "ಮೆಟ್ಲು ಸರಿಯಾಗೇ ಐತೆ, ಗೋಡೆ ಅಲ್ಲಿ ಇರ್ಬಾರ್ದಾಗಿತ್ತು" ಎಂದು ತೀರ್ಪು ಕೊಟ್ಟರು. ಗೋಡೆಗೆ ಬಾಯಿಲ್ಲ, ಒಪ್ಪಿಕೊಂಡಿತು.

ಇಂಥವರು, ಆತ್ಮಾವಲೋಕನ ಎಂಬ ಪದಾರ್ಥವನ್ನು ಜನ್ಮದಲ್ಲಿ ರುಚಿ ನೋಡದ ಮಹಾನುಭಾವರು, ತಮ್ಮ ಸ್ವಂತ ಸೈಟಿನಲ್ಲಿ ಎರಡಾಳೆತ್ತರದ ಕನ್ನಡಿ ಗೋಡೆಯೊಂದನ್ನು ನಿಲ್ಲಿಸಿದ್ದಾರೆ ಎಂದರೆ ನೀವು ನಂಬುತ್ತೀರಾ? ಮನೆಯಲ್ಲ, ಅಂಗಡಿಯಲ್ಲ, ಬರೀ ಕನ್ನಡಿ! ಮೊದಲು ಸುದ್ದಿ ಬಂದಾಗ ನಾನೂ ನಂಬಲಿಲ್ಲ. ಆರ್.ಟಿ. ನಗರದಿಂದ ಬಸ್ಸು ಹಿಡಿದು ಹೋಗಿ ನೋಡಿದೆ. ನೋಡಿದರೆ ನಾನೇ ಕಂಡೆ!

ಭಾವನವರು ಎಂದರೆ ನನ್ನ ಅಕ್ಕನ ಗಂಡ. ಅವರ ಮನೆತನದ ಹೊಲದಲ್ಲಿ ಒಂದು ಕಾಲಕ್ಕೆ ರಾಗಿ ಇತ್ತು; ರಾಗಿ ಹೋಗಿ ದ್ರಾಕ್ಷಿ ಬಂತು; ದ್ರಾಕ್ಷಿ ಹೋಗಿ ಸೈಟು ಬಂತು; ಸೈಟಿನ ಮೇಲೆ ಮಹಡಿಗಳು ಬೆಳೆದವು, ನೀರು ಗೊಬ್ಬರ ಏನೂ ಕೇಳದೆ. ಒಂದೇ ಒಂದು ಸೈಟು ಮಾತ್ರ, ಮನೆಯ ಎದುರಿಗಿದ್ದದ್ದು, ಖಾಲಿ ಉಳಿದಿತ್ತು. ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ. "ಬಾಮೈದ" ಎನ್ನುತ್ತಾರೆ. ಹೆಂಡತಿಯ ತಮ್ಮ ಎಂಬುದರ ಹೊರತು ನನಗೆ ಈ ಲೋಕದಲ್ಲಿ ಬೇರೆ ಗುರುತೇ ಬೇಕಿಲ್ಲ ಎಂಬುದು ಅವರ ಅಭಿಪ್ರಾಯ. ನಾನು ಪ್ರತಿ ಭಾನುವಾರ ಅಲ್ಲಿಗೆ ಹಾಜರಾಗುವುದರಿಂದ ಅದೂ ಸರಿಯೇ ಇರಬೇಕು.

ಕಳೆದ ವರ್ಷದ ಒಂದು ಭಾನುವಾರ ಬೆಳಿಗ್ಗೆ ನಾನು ಹೋದಾಗ ಭಾವನವರ ಪ್ರಾತಃಕಾಲದ ಕ್ಷೌರ ಮಹೋತ್ಸವವು ನಡುರಸ್ತೆಯಲ್ಲಿ ಜರುಗುತ್ತಿತ್ತು. ಬನಿಯನ್ನು, ಪಂಚೆ, ಮುಖದ ತುಂಬ ನೊರೆ. ತಮ್ಮ ಕಾರಿನ ಪಕ್ಕದಲ್ಲಿ ಬಾಗಿ, ಅದರ ಸೈಡ್ ಕನ್ನಡಿಯಲ್ಲಿ ಮೀಸೆಯ ಒಂದು ತುದಿಯನ್ನು ಹುಡುಕುತ್ತಿದ್ದರು. ಹಾಲು ತರಲು ಹೋಗುವವರೆಲ್ಲ ನಿಂತು ದರ್ಶನ ಮಾಡಿ ಮುಂದೆ ಹೋಗುತ್ತಿದ್ದರು.

"ಏನ್ ಭಾವ, ಇಲ್ಲೇನ್ ಮಾಡ್ತಿದೀರ?"

"ಕಾಣಾಕಿಲ್ವಾ? ಬಸ್ಸಿಗ್ ಕಾಯ್ತಾ ಇವ್ನಿ!"

ನಾನು ನಕ್ಕು ಒಳಗೆ ಹೋದೆ. ಒಳಗೆ ಹೋದ ಮೇಲೆ ನಗು ನಿಂತಿತು. ಮನೆಯಲ್ಲಿ ಒಂದೂ ಕನ್ನಡಿ ಇರಲಿಲ್ಲ. ಬಚ್ಚಲಲ್ಲಿದ್ದ ಕಡೆ ಎರಡು ಮೊಳೆ, ಬೀರುವಿನ ಬಾಗಿಲಲ್ಲಿದ್ದ ಕಡೆ ಕಂದು ಬಣ್ಣದ ಕಾಗದ. ಅಕ್ಕನ ಸೊಸೆ ಮೊಬೈಲನ್ನು ಮುಖದೆದುರು ಹಿಡಿದು, ತನ್ನ ಫೋಟೋ ತಾನೇ ತೆಗೆದುಕೊಳ್ಳುವವಳಂತೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

ಅಕ್ಕನಿಗೆ ಮರೆವು ಶುರುವಾಗಿ ಆಗಲೇ ಬಹಳ ಕಾಲವಾಗಿತ್ತು. ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುವುದರಿಂದ ಆರಂಭವಾಗಿ, ಮೊಮ್ಮಕ್ಕಳ ಹೆಸರು, ನನ್ನ ಹೆಸರು ಹೀಗೆ ಒಂದೊಂದಾಗಿ ಹೋಗಿದ್ದವು. ಆ ವಾರ ಬೀರುವಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಕೂಗಿಕೊಂಡಿದ್ದಳು. "ಯಾವಳೋ ಮುದುಕಿ ನನ್ ಸೀರೆ ಉಟ್ಕಂಡು ನಮ್ ರೂಮಲ್ ನಿಂತವ್ಳೆ! ಓಡಿಸ್ರೀ ಅವಳ್ನ!" ಬಚ್ಚಲಿಗೆ ಓಡಿದರೆ ಮುದುಕಿ ಅಲ್ಲೂ ಮೊದಲೇ ಹೋಗಿ ನಿಂತಿದ್ದಳು. ಹೆಬ್ಬಾಳದ ಡಾಕ್ಟರು, "ಈ ಕಾಯಿಲೆಯಲ್ಲಿ ಹೀಗಾಗುತ್ತೆ, ಕನ್ನಡಿಗಳನ್ನ ಮುಚ್ಚಿಬಿಡಿ" ಎಂದರು. ಭಾವನವರು ಅರ್ಧ ಕೆಲಸ ಮಾಡುವವರಲ್ಲ. ಮುಚ್ಚಲಿಲ್ಲ. ಸ್ಕ್ರೂಡ್ರೈವರು ಹಿಡಿದು ಅಷ್ಟನ್ನೂ ಕಿತ್ತು ಹೊರಗೆ ಸಾಗಿಸಿದರು.

ಮುದುಕಿ ಹೋದಳು. ಅವಳ ಹಿಂದೆಯೇ ಅಕ್ಕನ ಮಾತೂ ಹೋಯಿತು.

ಇದು ಎಂಥ ನಷ್ಟವೆಂದು ಅಕ್ಕನನ್ನು ಕಾಣದವರಿಗೆ ಹೇಗೆ ಹೇಳಲಿ? ಅವಳು ತವರಾದ ಮಾಕಳಿಯ ನಮ್ಮ ಮನೆಯಲ್ಲಿ ಮಾತಾಡಿದರೆ ನಾಗಸಂದ್ರದಲ್ಲಿ ಬಸ್ಸು ಕಾಯುವವರಿಗೆ ಕೇಳಿಸುತ್ತಿತ್ತು. ತಪ್ಪೇ ಮಾಡದ ಭಾವನವರನ್ನು ದಿನಕ್ಕೊಂದು ತಪ್ಪಿಗಾಗಿ ವಿಚಾರಣೆಗೆ ನಿಲ್ಲಿಸುವ ಏಕೈಕ ನ್ಯಾಯಾಲಯ ಅವಳು. ಆ ನ್ಯಾಯಾಲಯಕ್ಕೆ ಬೀಗ ಬಿದ್ದ ಮೇಲೆ ಭಾವನವರು ಒಂದು ವಿಚಿತ್ರ ಕಾರ್ಯಕ್ರಮ ಹಾಕಿಕೊಂಡರು: ಬೇಕೆಂದೇ ತಪ್ಪು ಮಾಡುವುದು! ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಬಾಗಿಲ ಮರೆಯಲ್ಲಿ ಕಾದರು. ಅಕ್ಕ ಟವೆಲನ್ನು ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಚಪ್ಪಲಿ ಹಾಕಿಕೊಂಡೇ ದೇವರ ಮನೆಯ ಹೊಸ್ತಿಲವರೆಗೆ ಹೋಗಿ ಕೆಮ್ಮಿದರು. ಅಕ್ಕ ಚಪ್ಪಲಿಯನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಸೊಸೆ ಬೈದಳು. ಆದರೆ ಅದು ಬೇರೆ ನ್ಯಾಯಾಲಯ. ಭಾವನವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಬೈಲಿ ಕಣ್ಲಾ ಬಾಮೈದ," ಎಂದರು ಒಂದು ದಿನ, ಕಾರಿಗೆ ಒರಗಿಕೊಂಡು. "ಬಾಯ್ ತುಂಬ ಬೈಲಿ. ಒಂದ್ ಮಾತು ಆಡ್ಬಿಟ್ರೆ ಸಾಕು."

ಹೀಗಿರುವಾಗ ಆಮಂತ್ರಣ ಪತ್ರಿಕೆ ಬಂತು. ಭಾವನವರ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಒಬ್ಬ ಹುಡುಗಿ, ಕಟ್ಟಡಗಳ ನಕ್ಷೆ ಬರೆಯುವವಳು, ಕರಾವಳಿಯಲ್ಲಿ ಏನನ್ನೋ ಕಟ್ಟಿದ್ದಳು. ಪತ್ರಿಕೆಯಲ್ಲಿ ಸಮುದ್ರದ ಚಿತ್ರವಿತ್ತು, "ಉದ್ಘಾಟನೆ" ಎಂದಿತ್ತು. "ಅಂಕಲ್, ನೀವು ಬರ್ಲೇಬೇಕು" ಎಂದು ಹುಡುಗಿ ಬೇರೆ ಹೇಳಿದ್ದಳು. ಭಾವನವರ ಅನುಭವದಲ್ಲಿ ಕಟ್ಟಡ ಮುಗಿದರೆ ಆಗುವುದು ಒಂದೇ: ಗೃಹಪ್ರವೇಶ. ಗೃಹಪ್ರವೇಶಕ್ಕೆ ಕರೆದರೆ ಹೋಗಬೇಕು, ಮುಯ್ಯಿ ಮಾಡಬೇಕು, ಊಟ ಮಾಡಬೇಕು, ಅಡುಗೆಮನೆ ಚಿಕ್ಕದಾಯಿತು ಎಂದು ಹೇಳಿ ಬರಬೇಕು. ಅಲ್ಲದೆ ಅಕ್ಕ ಮದುವೆಯಾದ ಹೊಸದರಲ್ಲಿ ಸಮುದ್ರ ತೋರಿಸಿ ಎಂದು ಕೇಳಿದ್ದಳಂತೆ. "ಅಲ್ಲಾಳಸಂದ್ರದ ಕೆರೆ ತುಂಬೈತೆ, ಅದ್ನೇ ನೋಡು" ಎಂದಿದ್ದರಂತೆ ಇವರು. ಈಗ ಅದು ನೆನಪಾಗಿ, "ನಿಮ್ಮಕ್ಕನ್ನೂ ಕರ್ಕಂಡ್ ಓಗಾನ, ನೀನೂ ಬಾ" ಎಂದರು.

ಹೀಗೆ ನಾವು ಮೂವರು, ಬಣ್ಣದ ಕಾಗದ ಸುತ್ತಿದ ಒಂದು ಗೋಡೆ ಗಡಿಯಾರ, ಅಕ್ಕನಿಗೆ ಹಾಸಲೊಂದು ಜಮಖಾನ ಮತ್ತು ಯಲಹಂಕ ಸಂತೆಯಿಂದ ಆರಿಸಿ ತಂದ ಒಂದು ಬೂದುಗುಂಬಳಕಾಯಿ, ಘಟ್ಟ ಇಳಿದೆವು. ಕುಂಬಳಕಾಯಿ ಏಕೆಂದು ಕೇಳುತ್ತೀರಾ? ಹೊಸ ಕಟ್ಟಡಕ್ಕೆ ದೃಷ್ಟಿ ತೆಗೆಯದೆ ಒಳಗೆ ಹೋಗುವುದುಂಟೇ! "ಆ ಮಗೀಗೆ ಗೊತ್ತಾಗಾಕಿಲ್ಲ, ಇಂಗ್ಲಿಷ್ ಓದೈತೆ" ಎಂದು ಭಾವನವರು ಮರುಗಿದರು. ಅಕ್ಕ ದಾರಿಯುದ್ದಕ್ಕೂ ಕುಂಬಳಕಾಯಿಯ ಮೇಲೊಂದು ಕೈಯಿಟ್ಟುಕೊಂಡು, ಮಗುವನ್ನು ಮಲಗಿಸುವವಳಂತೆ ಕುಳಿತಿದ್ದಳು. ಮಾತಿಲ್ಲ.

ಗಾಳಿಮರಗಳ ತೋಪು ದಾಟಿದರೆ ಮರಳು, ಮರಳಿನಾಚೆ ಸಮುದ್ರ. ಅಲ್ಲಲ್ಲಿ ಕಪ್ಪು ಬಟ್ಟೆ ತೊಟ್ಟ ಜನ, ಯಾರೋ ತೀರಿಕೊಂಡ ಮನೆಯಲ್ಲಿ ನಿಂತಂತೆ, ಪಿಸುಮಾತಿನಲ್ಲಿ ನಿಂತಿದ್ದರು. ಕಟ್ಟಡ ಮಾತ್ರ ಇಲ್ಲ!

"ಎಲ್ಲಯ್ಯಾ ಬಿಲ್ಡಿಂಗು? ಇನ್ನೂ ಪಾಯಾನೇ ತೋಡಿಲ್ಲ, ಗೃಹಪ್ರವೇಶಕ್ ಕರ್ದವ್ಳೆ!"

ಒಂದು ಹಲಗೆ ಇತ್ತು. "ಇಲ್ಲಿ ನೀವು ನೋಡುವುದು ಸಮುದ್ರವನ್ನಲ್ಲ, ಸಮುದ್ರದೆದುರು ನಿಂತ ನಿಮ್ಮನ್ನು" ಎಂದು ಬರೆದಿತ್ತು. ಭಾವನವರು ಹಲಗೆ ಓದುವವರಲ್ಲ. ಊಟದ ಪಂಕ್ತಿ ಎಲ್ಲಿ ಎಂದು ಕೇಳಿದರು. ಹಲ್ಲುಕಡ್ಡಿಗೆ ಚುಚ್ಚಿದ ಒಂದು ಚೂರು ಅನಾನಸನ್ನು ಯಾರೋ ಭಕ್ತಿಯಿಂದ ಕೊಟ್ಟರು. "ಇದು ಎಲೆ ತುದೀಗ್ ಬಡ್ಸೋದು, ಊಟ ಎಲ್ಲಿ?" ಎಂದರು. ಊಟ ಅಷ್ಟೇ ಎಂದು ತಿಳಿದಾಗ, ಗಡಿಯಾರ ಕೊಟ್ಟದ್ದು ಹೆಚ್ಚಾಯಿತೇನೋ ಎಂಬ ಸಂಶಯ ಆ ಮುಖದಲ್ಲಿ ಹಾದುಹೋದದ್ದನ್ನು ನಾನು ಕಂಡೆ. ಆದರೂ ಧರ್ಮ ಧರ್ಮವೇ. ಕುಂಬಳಕಾಯಿಯ ನೆತ್ತಿ ಕೊಯ್ದು, ಕುಂಕುಮದ ನೀರು ತುಂಬಿಸಿ, ಬಗಲಲ್ಲಿ ಹಿಡಿದು ಕಾಣದ ಕಟ್ಟಡವನ್ನು ಹುಡುಕುತ್ತ ಮರಳಲ್ಲಿ ನಡೆದರು. ಅಕ್ಕನ ಕೈ ಹಿಡಿದು ನಾನು ಹಿಂದೆ.

ಸ್ವಲ್ಪ ದೂರದಲ್ಲಿ ಭಾವನವರು ಗಕ್ಕನೆ ನಿಂತು, ಸಂತೋಷದಿಂದ ನನ್ನ ಕಡೆ ತಿರುಗಿದರು.

"ನೋಡ್ಲಾ ಬಾಮೈದ! ನಾನೊಬ್ನೇ ಅಂದ್ಕಂಡಿದ್ದೆ. ಅಗೋ, ಇನ್ನೊಬ್ರೂ ತಂದವ್ರೆ ಕುಂಬಳಕಾಯ್ನ!"

ನೋಡಿದೆ. ಎದುರಿನಿಂದ ಒಬ್ಬ ವೃದ್ಧರು ಬರುತ್ತಿದ್ದರು. ಬಿಳಿ ಪಂಚೆ, ಒಂದು ಕಡೆ ಗಿಡ್ಡವಾದ ಮೀಸೆ, ಬಗಲಲ್ಲಿ ಕುಂಬಳಕಾಯಿ. ಬಡವಾದ ಮುಖ, ನಿದ್ದೆಗೆಟ್ಟ ಕಣ್ಣು. ಭಾವನವರು ಅವರಿಗೆ ಕೈಯೆತ್ತಿ ನಮಸ್ಕಾರ ಮಾಡಿದರು. ಅವರೂ ಮಾಡಿದರು.

ಕಟ್ಟಡ ಅಲ್ಲೇ ಇತ್ತು! ಮರಳಿನ ನಡುವೆ ನೆಟ್ಟಗೆ ನಿಲ್ಲಿಸಿದ ಕನ್ನಡಿಯ ಗೋಡೆಗಳು; ಸಮುದ್ರ, ಆಕಾಶ, ಗಾಳಿಮರಗಳನ್ನೆಲ್ಲ ಮೈಮೇಲೆ ಹೊದ್ದುಕೊಂಡು, ತಾವು ಇಲ್ಲವೇ ಇಲ್ಲ ಎಂಬಂತೆ ನಿಂತಿದ್ದವು. ಭಾವನವರು ಆ ವೃದ್ಧರನ್ನು ಇನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಮೀಸೆಯನ್ನು ಮುಟ್ಟಿ ನೋಡಿಕೊಂಡರು.

"ಕನ್ನಡಿ ಕಣ್ಲಾ!" ಎಂದರು. "ಅಯ್ಯೋ, ಎಲ್ಲಾ ಕನ್ನಡೀನೇ! ಅವಳು ನೋಡ್ಬಿಟ್ರೆ?"

ಕುಂಬಳಕಾಯಿ ಕೈಜಾರಿತು. ಕನ್ನಡಿಯ ಬುಡದಲ್ಲಿ ಹಾಸಿದ್ದ ಥಳಥಳಿಸುವ ಉಕ್ಕಿನ ತಗಡಿನ ಮೇಲೆ ಬಿದ್ದು ಹೋಳಾಗಿ, ಕುಂಕುಮದ ನೀರು ನಾಲ್ಕೂ ಕಡೆ ಹರಿಯಿತು. ಕಪ್ಪು ಬಟ್ಟೆಯ ಜನ ಓಡಿಬಂದು ಸುತ್ತ ನಿಂತು ಫೋಟೋ ತೆಗೆಯತೊಡಗಿದರು. ಜಡೆ ಬಿಟ್ಟಿದ್ದ ಮಹನೀಯರೊಬ್ಬರು ತಗ್ಗಿದ ದನಿಯಲ್ಲಿ ಕೇಳಿದರು: "ಸರ್, ಇದು ಹಿಂಸೆಯ ರೂಪಕವೇ?"

"ಅಲ್ಲ ಸ್ವಾಮಿ, ಕುಂಬಳಕಾಯಿ. ಅತ್ಲಾಗ್ ಸರೀರಿ!"

ಭಾವನವರು ಆಗಲೇ ಕಾರಿಗೆ ಓಡಿ ಜಮಖಾನ ತಂದಿದ್ದರು. "ನೀನ್ ಆ ತುದಿ ಇಡ್ಕ!" ಎಂದರು. ಹಿಡಿದೆ. ಮದುವೆಯಲ್ಲಿ ಹೆಣ್ಣುಗಂಡಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಹಾಗೆ ನಾವಿಬ್ಬರು ಆ ಕಲಾಕೃತಿಗೆ ಜಮಖಾನ ಹಿಡಿದು ನಿಂತೆವು. ನಕ್ಷೆಯ ಹುಡುಗಿ ಓಡಿಬಂದಳು.

"ಅಂಕಲ್, ಪ್ಲೀಸ್! ಅದು ಮುಚ್ಚೋದಲ್ಲ, ಅದರ ಉದ್ದೇಶವೇ ನೋಡೋದು!"

"ನೋಡೋರೆಲ್ಲ ಆಮ್ಯಾಕ್ ನೋಡ್ಲಿ ಕಣವ್ವಾ. ನಮ್ಮನೆಯವ್ಳು ದಾಟ್ಕಂಡ್ ಓಗ್ಲಿ ಮೊದ್ಲು. ಎದುರ್ಕಂಡ್ಬಿಡ್ತಾಳೆ!"

ಇಷ್ಟಾಗುವಾಗ ಆ "ನಮ್ಮನೆಯವ್ಳು" ನಮ್ಮ ಹಿಂದೆ ಇರಲಿಲ್ಲ. ನಾವು ಒಂದು ಕನ್ನಡಿಗೆ ಪರದೆ ಹಿಡಿದಿದ್ದಾಗ ಅಕ್ಕ ತನ್ನ ಪಾಡಿಗೆ ನಡೆದು, ಇನ್ನೊಂದು ಕನ್ನಡಿಯ ಮುಂದೆ ಹೋಗಿ ನಿಂತುಬಿಟ್ಟಿದ್ದಳು. ಮೊದಲು ಕಿವಿಗೆ ಬಿದ್ದದ್ದು ಅವಳ ದನಿ. ಆ ದನಿ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ನಾನು ಬೇರೆ ಯಾರೋ ಎಂದುಕೊಂಡೆ. ಭಾವನವರು ಅಂದುಕೊಳ್ಳಲಿಲ್ಲ. ಜಮಖಾನದ ತುದಿ ಅವರ ಕೈಯಿಂದ ಬಿತ್ತು.

"ಉಸಾರು ಕಣವ್ವಾ," ಎನ್ನುತ್ತಿದ್ದಳು ಅಕ್ಕ. "ಬೆನ್ನಿಂದೆ ನೀರೈತೆ. ಈ ಕಡೆ ಬಂದ್ಬಿಡಿ."

ಕನ್ನಡಿಯೊಳಗಿನ ಹೆಂಗಸಿನ ಹಿಂದೆ ಸಮುದ್ರ ಏಳುತ್ತಿತ್ತು. ತನ್ನ ಬೆನ್ನ ಹಿಂದೆಯೂ ಅದೇ ಸಮುದ್ರವಿದೆ ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಹೆದರಿದ್ದು ಆ ಹೆಂಗಸಿಗೋಸ್ಕರ. "ಬನ್ನಿ, ಬನ್ನಿ" ಎಂದು ಕೈ ಚಾಚಿದಳು. ಆ ಹೆಂಗಸೂ ಚಾಚಿದಳು. ಕೂಗಲಿಲ್ಲ, ಓಡಲಿಲ್ಲ. ಮರಳಿನ ಮೇಲೆ ಕುಳಿತು, ನೀವು ಯಾವ ಊರು, ಬಂದು ಎಷ್ಟು ಹೊತ್ತಾಯಿತು ಎಂದೆಲ್ಲ ವಿಚಾರಿಸತೊಡಗಿದಳು. ಭಾವನವರು ದೂರದಲ್ಲೇ, ಕನ್ನಡಿಗೆ ತಾವು ಕಾಣದ ಕಡೆ, ಮರಳಲ್ಲಿ ಮಂಡಿಯೂರಿ ಕುಳಿತು ಕೇಳುತ್ತಿದ್ದರು. ಹಲಗೆಯ ಮೇಲೆ ಬರೆದಿದ್ದ ಮಾತಿನಂತೆ ಆ ಹೊತ್ತು ಅಲ್ಲಿ ಎಷ್ಟು ಜನ ತಮ್ಮನ್ನು ತಾವು ನೋಡಿಕೊಂಡರೋ ನನಗೆ ತಿಳಿಯದು. ನನಗಂತೂ ಎದುರಿಗಿದ್ದ ಕನ್ನಡಿಯಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಉಪ್ಪುಗಾಳಿ, ನೋಡಿ!

ಕಾರು ಘಟ್ಟ ಹತ್ತುವಾಗ ಅಕ್ಕ ಮತ್ತೆ ಮೌನವಾದಳು. ಭಾವನವರು ನೆಲಮಂಗಲದವರೆಗೂ ಏನೋ ಯೋಚನೆ ಮಾಡಿದರು. ಮಾಕಳಿ ಬಂದಾಗ ಬಾಯಿ ಬಿಟ್ಟರು.

"ಬಾಮೈದ, ನಂಗೊತ್ತಾಯ್ತು ಕಣ್ಲಾ. ಮನೆ ಒಳಗ್ ಕಂಡ್ರೆ ಅವಳು ಕಳ್ಳಿ. ಒರಗಡೆ ಕಂಡ್ರೆ ನೆಂಟ್ರು!"

ಎಂಥ ಸಿದ್ಧಾಂತ! ಯಾರದೋ ಬೀರುವಿನಲ್ಲಿ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ದಾರಿಯಲ್ಲಿ ಸಿಕ್ಕರೆ ಯಾರು ಮಾತಾಡಿಸುವುದಿಲ್ಲ? ಮುಂದಿನ ಭಾನುವಾರದ ಹೊತ್ತಿಗೆ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಕಬ್ಬಿಣದ ಚೌಕಟ್ಟು ಎದ್ದಿತ್ತು. ಅದಕ್ಕೆ ಕನ್ನಡಿಯ ಹಲಗೆಗಳನ್ನು ಕೂರಿಸಿ, ಹಿಂದೆ ತಗಡು ಹೊಡೆದು, ಮುಂದೆ ಒಂದು ಕಲ್ಲುಬೆಂಚು ಹಾಕಿಸಿದರು. ಸಮುದ್ರವೊಂದನ್ನು ಮಾತ್ರ ತರಿಸಲಾಗಲಿಲ್ಲ. ಅದಕ್ಕೆ ಬದಲಾಗಿ ನೀರಿನ ಟ್ಯಾಂಕರು ನಿಲ್ಲುವ ಜಾಗ ಕನ್ನಡಿಯಲ್ಲಿ ಕಾಣುವಂತಿತ್ತು.

ಆಮೇಲೆ ಅಟ್ಟೂರಿನಲ್ಲಿ ನಡೆದದ್ದನ್ನೆಲ್ಲ ಹೇಳಲು ಪುರಾಣಕಾರರೇ ಬೇಕು. ಮೊದಲನೆಯ ದಿನ ಒಂದು ಹೋರಿ ಬಂದು ಕನ್ನಡಿಯೊಳಗಿನ ಹೋರಿಯನ್ನು ಯುದ್ಧಕ್ಕೆ ಕರೆಯಿತು, ಅದು ಒಪ್ಪಿಕೊಂಡೇಬಿಟ್ಟಿತು! ಬಿಡಿಸುವಷ್ಟರಲ್ಲಿ ಒಂದು ಹಲಗೆ ಬಿರುಕು ಬಿಟ್ಟಿತ್ತು. ಸಂಜೆಯ ಬಿಸಿಲು ಕನ್ನಡಿಗೆ ಬಿದ್ದು, ಅಲ್ಲಿಂದ ನೆಗೆದು ಪಕ್ಕದ ಮೂರನೆಯ ಮಹಡಿಯ ಅಡುಗೆಮನೆಗೆ ಹೊಕ್ಕಿತು. ಒಲೆ ಹಚ್ಚದೆಯೇ ಹಾಲು ಉಕ್ಕಿತೆಂದು ಆ ಮನೆಯಾಕೆ ಜಗಳಕ್ಕೆ ಬಂದಳು. "ಗ್ಯಾಸು ಉಳೀತಲ್ಲವ್ವಾ" ಎಂದರು ಭಾವನವರು. ಕಾಲೇಜು ಹುಡುಗರು ಗುಂಪಾಗಿ ಬಂದು, "ಮಚ್ಚಾ, ಸಖತ್ ಲೊಕೇಶನ್ ಗುರೂ!" ಎಂದು ಮೊಬೈಲು ಹಿಡಿದು ಕುಣಿದರು. ಒಂದು ಮಧ್ಯಾಹ್ನ ಪಾಲಿಕೆಯ ಕಡೆಯವರು ಇಬ್ಬರು ಬಂದು ಬಹಳ ಹೊತ್ತು ನೋಡಿ, "ಇದೇನ್ರೀ? ಜಾಹೀರಾತು ಹಲಗೇನಾ? ಪರ್ಮಿಷನ್ ಎಲ್ಲಿ?" ಎಂದರು.

"ಏನ್ ಬರ್ದೈತೆ ಇದ್ರಲ್ಲಿ, ಓದ್ರಿ ನೋಡಾನ" ಎಂದರು ಭಾವನವರು.

ಅವರು ಕನ್ನಡಿಯನ್ನು ಮೇಲಿಂದ ಕೆಳಕ್ಕೆ ಪರಿಶೀಲಿಸಿ, ತಲೆ ಬಾಚಿಕೊಂಡು ಹೋದರು.

ಬಿಸಿಲು ಇಳಿಯುವ ಹೊತ್ತಿಗೆ ಮಾತ್ರ ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ಭಾವನವರು ಸೀಟಿ ಊದಿಕೊಂಡು ಬರುತ್ತಿದ್ದರು. "ಖಾಲಿ ಮಾಡ್ರಪ್ಪಾ, ಖಾಲಿ ಮಾಡ್ರಿ! ನಮ್ಮನೆಯವ್ರು ನೆಂಟ್ರನ್ನ ನೋಡಕ್ ಬರೋ ಟೈಮು!" ಮೊದಮೊದಲು ಜನ ನಕ್ಕರು. ಆಮೇಲೆ ಸೀಟಿಗೂ ಮೊದಲೇ ತಾವಾಗಿ ಜಾಗ ಬಿಟ್ಟುಕೊಟ್ಟರು. ಆ ಹೊತ್ತಿಗೆ ಟ್ಯಾಂಕರಿನವನೂ ಹಾರ್ನು ಹೊಡೆಯುತ್ತಿರಲಿಲ್ಲ.

ಸೊಸೆ ಕೈಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿ ಹೋದರೆ, ಅಕ್ಕ ಎದುರಿನ ಹೆಂಗಸಿನ ಜೊತೆ ಮಾತಿಗೆ ಕೂರುತ್ತಿದ್ದಳು. ಮಾತೆಂದರೆ ಏನು? ಗಂಡನ ಮೇಲಿನ ದೂರು! ಭಾವನವರು ಕನ್ನಡಿಯ ಹಿಂದುಗಡೆ, ತಗಡಿಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಲಿಸುತ್ತಿದ್ದರು. ಭಾನುವಾರಗಳಲ್ಲಿ ನನಗೂ ಒಂದು ಕುರ್ಚಿ ಹಾಕುತ್ತಿದ್ದರು. ಲೋಕದಲ್ಲಿ ಆತ್ಮಾವಲೋಕನಕ್ಕೆ ಜನ ಕನ್ನಡಿಯ ಮುಂದೆ ಕೂರುತ್ತಾರೆ. ಹಿಂದೆ ಕೂತು ಮಾಡಿಕೊಂಡವರು ನಮ್ಮ ಭಾವನವರೊಬ್ಬರೇ!

"ನಮ್ಮೆಜಮಾನ್ರು ಒಳ್ಳೇವ್ರೇ," ಎನ್ನುವಳು ಅಕ್ಕ ಆ ಕಡೆ. "ಏನಂದ್ರೂ ನಾನೇ ಸರಿ ಅಂತಾರೆ. ಅದೊಂದ್ ಕಾಯಿಲೆ."

ಈ ಕಡೆ ಭಾವನವರು ನನ್ನ ಕಿವಿಯಲ್ಲಿ: "ಸುಳ್ಳು ಕಣ್ಲಾ."

"ಬಾಣಂತನಕ್ ಓದಾಗ ನೋಡಕ್ಕೂ ಬರ್ಲಿಲ್ಲ."

"ದ್ರಾಕ್ಷಿ ಕೊಯ್ಲಿತ್ತು! ಏಳು ನೀನು, ಕೊಯ್ಲಿರ್ಲಿಲ್ವಾ?"

"ಇತ್ತು ಭಾವ, ಇತ್ತು. ಮೆಲ್ಲಗೆ."

ಒಂದು ಭಾನುವಾರ ಅಕ್ಕ ಸಂಪಿಗೆ ಮರದ ವಿಷಯ ತೆಗೆದಳು. ಮದುವೆಯಾಗಿ ಬಂದವಳು ತವರಿನಿಂದ ತಂದು, ಈಗ ಕನ್ನಡಿ ನಿಂತಿರುವ ಜಾಗದಲ್ಲೇ ನೆಟ್ಟ ಸಸಿ ಅದು. ಮರವಾಗಿತ್ತು, ಹೂ ಬಿಡುತ್ತಿತ್ತು. ಅವಳು ಮಾಕಳಿಗೆ ಬಂದಿದ್ದಾಗ ಅದು ಗಾಳಿಗೆ ಬಿದ್ದುಹೋಯಿತೆಂದು ನಾವೆಲ್ಲ ಕೇಳಿದ್ದೆವು.

"ಗಾಳೀಗ್ ಬಿತ್ತು ಅಂದ್ರು ಕಣವ್ವಾ," ಎಂದಳು ಅಕ್ಕ. "ಬಂದ್ ನೋಡಿದ್ರೆ ಬುಡ ಗರಗಸದಲ್ಲಿ ಕುಯ್ದಂಗೈತೆ. ಗಾಳಿ ಯಾವತ್ತಾದ್ರೂ ಗರಗಸ ಇಡ್ಕಂಡ್ ಬತ್ತದಾ? ನಾನೇನೂ ಕೇಳ್ಲಿಲ್ಲ. ಕೇಳಿದ್ರೆ ಅವ್ರು ಇನ್ನೊಂದ್ ಸುಳ್ಳು ಏಳ್ಬೇಕಾಗ್ತಿತ್ತು."

ಭಾವನವರ ಕಡೆ ತಿರುಗಿದೆ. ಕೊಯ್ಲು ಎನ್ನಲಿಲ್ಲ, ಸುಳ್ಳು ಎನ್ನಲಿಲ್ಲ. ಮಣ್ಣನ್ನು ನೋಡುತ್ತಿದ್ದರು. "ಅದು ನಿಜ ಕಣ್ಲಾ ಬಾಮೈದ" ಎಂದರು. "ಸೈಟು ಅಳತೆ ಮಾಡ್ಸಕ್ಕೆ ಅಡ್ಡ ಐತೆ ಅಂತ ನಾನೇ ಕುಯ್ಸಿದ್ದು." ಕಾಲಿನಿಂದ ಮಣ್ಣು ಸರಿಸುತ್ತ, "ಗೊತ್ತಿತ್ತಲ್ಲ ಅವಳಿಗೆ. ಇಷ್ಟ್ ವರ್ಷ ಗೊತ್ತಿತ್ತಲ್ಲ," ಎಂದರು.

ಹಿಂದಿನಿಂದ ಎದ್ದು ಬಂದು, ತಪ್ಪಾಯಿತು ಎಂದು ಅಕ್ಕನಿಗೆ ಹೇಳಬಹುದಿತ್ತು. ಆದರೆ ಯಾವ ಅಕ್ಕನಿಗೆ? ಬೆಂಚಿನ ಮೇಲಿದ್ದವಳಿಗೆ ಅವರು ಯಾರೋ ಬಿಳಿ ಪಂಚೆಯ ಮುದುಕ. ಒಮ್ಮೆ ಪ್ರಯತ್ನ ಮಾಡಿದರು. "ನೋಡು, ನಾನು..." ಎನ್ನುವಷ್ಟರಲ್ಲೇ ಅಕ್ಕ ಸೆರಗು ಹೊದ್ದುಕೊಂಡು, ಗುರುತಿಲ್ಲದ ಗಂಡಸು ಮಾತಾಡಿಸಿದರೆ ಹೆಂಗಸರು ಸುಮ್ಮನಾಗುತ್ತಾರಲ್ಲ, ಹಾಗೆ ಸುಮ್ಮನಾಗಿಬಿಟ್ಟಳು. ಆವತ್ತು ಆ ಹೆಂಗಸಿನ ಜೊತೆಗೂ ಮಾತಾಡಲಿಲ್ಲ. ಭಾವನವರು ಮತ್ತೆ ಹಿಂದಿನ ಕುರ್ಚಿಗೇ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಾತು ಕಡಿಮೆಯಾಗುತ್ತ ಬಂತು. ದೂರುಗಳು ಒಂದೊಂದಾಗಿ ಮರೆತುಹೋದವು. ಬಾಣಂತನ ಹೋಯಿತು, ಸಂಪಿಗೆ ಹೋಯಿತು. ಯಾರೂ ಬೈಯದ ಆ ಸಂಜೆಗಳಲ್ಲಿ ಭಾವನವರು ತಗಡಿಗೆ ಕಿವಿ ಹಚ್ಚಿ ಕೂತಿರುತ್ತಿದ್ದರು. ಜೀವಮಾನವಿಡೀ ಒಪ್ಪಿಕೊಳ್ಳದ ಅಪರಾಧಗಳೆಲ್ಲ ಹೀಗೆ ತಾವಾಗಿ ಖುಲಾಸೆಯಾಗುತ್ತಿದ್ದರೆ ಮನುಷ್ಯ ಹಿಗ್ಗಬೇಕಲ್ಲವೇ? ಅವರು ಇಳಿದುಹೋದರು.

ಮೊನ್ನೆಯ ಭಾನುವಾರ ನಾನು ಹೋದಾಗ ಬಿಸಿಲು ಆಗಲೇ ಕನ್ನಡಿಯ ಮೇಲಿನ ಅಂಚಿಗೆ ಸರಿದಿತ್ತು. ಅಕ್ಕ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ನಾವಿಬ್ಬರು ಹಿಂದೆ. ಹೊತ್ತು ಮುಳುಗುತ್ತಿತ್ತು. ಇವತ್ತಿನ ಕಲಾಪ ಇಷ್ಟೇ ಎಂದು ನಾನು ಕುರ್ಚಿ ಎತ್ತಿಡುತ್ತಿದ್ದೆ. ಆಗ ಆ ಕಡೆಯಿಂದ ದನಿ ಕೇಳಿಸಿತು.

"ಕತ್ಲಾಯ್ತಲ್ಲ ಕಣವ್ವಾ. ನಿಮ್ಮನ್ನ ಕರ್ಕಂಡ್ ಓಗಕ್ ಯಾರೂ ಬರ್ಲಿಲ್ವಾ?"

ಕನ್ನಡಿಯ ಹೆಂಗಸು ಏನು ಹೇಳಿಯಾಳು?

"ನಂಗೂ ಯಾರೂ ಬರ್ಲಿಲ್ಲ," ಎಂದಳು ಅಕ್ಕ. "ನಮ್ಮೆಜಮಾನ್ರು ಬತ್ತಾರೆ. ಇಷ್ಟೊತ್ತಿಗ್ ಬರ್ಬೇಕಾಗಿತ್ತು. ಯಾಕೋ ಕಾಣೆ."

ಭಾವನವರು ಎದ್ದರು. ನಾನು ಕೈ ಹಿಡಿದೆ; ಬಿಡಿಸಿಕೊಂಡರು. ಕನ್ನಡಿಯನ್ನು ಸುತ್ತಿ ಬಂದು, ಬೆಂಚಿನಿಂದ ತುಸು ದೂರದಲ್ಲೇ, ಪರಸ್ಥಳದವರು ನಿಲ್ಲುವ ಹಾಗೆ ಕೈಕಟ್ಟಿ ನಿಂತರು.

"ನಡೀರವ್ವಾ, ಮನೆಗ್ ಬಿಡ್ತೀನಿ," ಎಂದರು.

ಅಕ್ಕ ಸೆರಗೆಳೆದುಕೊಂಡಳು. "ನೀವ್ಯಾರು?"

"ನಿಮ್ಮೆಜಮಾನ್ರು ಕಳ್ಸವ್ರೆ. ಕರ್ಕಂಡ್ ಬಾ ಅಂತ."

ಅಕ್ಕ ಅವರ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಕನ್ನಡಿಯ ಅಂಚಿನಿಂದ ಇಣುಕಿದೆ. ಗುರುತು ಸಿಗಲಿಲ್ಲ. ಆದರೂ ಎದ್ದು, ಅವರ ತೋಳು ಹಿಡಿದುಕೊಂಡಳು.

"ಅವ್ರು ಉಂಡ್ರಾ?" ಎಂದು ಕೇಳಿದಳು.

ಭಾವನವರು ರಸ್ತೆಯಾಚೆಯ ಮನೆಯ ಕಡೆ ತಿರುಗಿದರು.

"ಇಲ್ಲ. ನಿಮಗೇ ಕಾಯ್ತಾವ್ರೆ."

"ಅಂಗಾದ್ರೆ ಬಿರಬಿರ್ನೆ ನಡೀರಿ," ಎಂದಳು ಅಕ್ಕ. "ಅವ್ರು ಅಸ್ಕಂಡ್ ಇರೋರಲ್ಲ."

ಅವರನ್ನು ಎಳೆದುಕೊಂಡು ರಸ್ತೆ ದಾಟಿದಳು.